ಹಾಡು ಮೆಚ್ಚಿ ಬರೆದವರಿಗೆ ಸಂದ ಪಾಲು

ಜಾಲತಾಣವೊಂದರಲ್ಲಿ ಪುಸ್ತಕದ ಬಗ್ಗೆಯೋ ಮಿಕ್ಸಿಯ ಬಗ್ಗೆಯೋ ಲೇಖನ ಇರುತ್ತದೆ, ಅದರ ನಡುವೆ ಅಂಗಡಿಯ ಕೊಂಡಿಯೂ ಇರುತ್ತದೆ. ಓದುಗರು ಆ ಕೊಂಡಿ ಒತ್ತಿ ಹೋಗಿ ಸಾಮಾನು ಕೊಂಡರೆ ಅಂಗಡಿಯು ಲೇಖನ ಬರೆದವರಿಗೆ ಇಂತಿಷ್ಟು ಪಾಲು ಕೊಡುತ್ತದೆ. ಕೊಂಡವರಿಗೆ ಬೆಲೆ ಹೆಚ್ಚಾಗುವುದಿಲ್ಲ. ಅಫಿಲಿಯೇಟ್ ಆದಾಯದ ಮೂಲ ಏರ್ಪಾಡು ಇಷ್ಟೇ. ಇದನ್ನು ಅಮೆಜಾನ್ ಕಂಡುಹಿಡಿಯಿತು ಎಂದು ಎಷ್ಟೋ ಕಡೆ ಬರೆದಿದ್ದಾರೆ. ಅದು ನಿಜವಲ್ಲ, ಆ ಮಾತಿನಿಂದ ಇಬ್ಬರು ಸೋದರರಿಗೆ ಅನ್ಯಾಯವಾಗಿದೆ.

ಜೇಸನ್ ಓಲಿಂ ಮತ್ತು ಮ್ಯಾಥ್ಯೂ ಓಲಿಂ ಅಮೆರಿಕದ ಪೆನ್ಸಿಲ್ವೇನಿಯದ ಆಂಬ್ಲರ್ ಊರಿನ ಅವಳಿಗಳು. ಜಾಜ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರನ್ನು ಕೇಳಿ ಮನಸೋತ ಜೇಸನ್‌ಗೆ, ಮುಂದೆ ಯಾವ ಆಲ್ಬಂ ಕೇಳಬೇಕೆಂದು ಹೇಳುವವರು ಸಂಗೀತದ ಅಂಗಡಿಯಲ್ಲಿ ಸಿಗಲಿಲ್ಲ. ಆ ಕೊರತೆಯಿಂದ 1994ರಲ್ಲಿ, ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ, ಸಿಡಿನೌ ಎಂಬ ಆನ್‌ಲೈನ್ ಸಂಗೀತದ ಅಂಗಡಿ ಹುಟ್ಟಿತು. ಬಂದ ಆರ್ಡರ್‌ಗಳನ್ನು ಸಗಟು ವಿತರಕರಿಗೆ ದಾಟಿಸಿದರೆ ಸರಕು ಅಲ್ಲಿಂದಲೇ ಗ್ರಾಹಕರ ಮನೆಗೆ ಹೋಗುತ್ತಿತ್ತು.

ಆಗಲೇ ಗೆಫನ್ ರೆಕಾರ್ಡ್ಸ್ ಕಂಪನಿಗೆ ತನ್ನ ಕಲಾವಿದರ ಸಂಗೀತವನ್ನು ತನ್ನದೇ ಜಾಲತಾಣದಿಂದ ಮಾರುವ ಆಸೆ ಇತ್ತು. ಹಣ ಪಡೆಯುವ, ಪಾರ್ಸೆಲ್ ಕಳಿಸುವ ತಾಪತ್ರಯ ಮಾತ್ರ ಬೇಕಿರಲಿಲ್ಲ. ಗೆಫನ್ ಪುಟದಿಂದ ಸಿಡಿನೌ ಅಂಗಡಿಯ ಅದೇ ಆಲ್ಬಂಗೆ ನೇರ ಕೊಂಡಿ ಹಾಕುವುದು ಇದಕ್ಕೆ ದೊರೆತ ಪರಿಹಾರ. ಅದನ್ನೇ ಎಲ್ಲ ಸಂಗೀತ ತಾಣಗಳಿಗೂ ತೆರೆದಿಟ್ಟಾಗ, 1994ರ ನವೆಂಬರ್‌ನಲ್ಲಿ, ‘ಬೈವೆಬ್’ ಯೋಜನೆ ರೂಪುಗೊಂಡಿತು. ಒಂದು ಆಲ್ಬಂ ಮೆಚ್ಚಿ ವಿಮರ್ಶೆ ಬರೆದವರು ಅದರ ಕೊಂಡಿ ಕೊಡಬಹುದು, ಮಾರಾಟವಾದರೆ ಪಾಲು ಪಡೆಯಬಹುದು. ಇದಕ್ಕೆ ಮೊದಲು, 1989ರಲ್ಲಿ ಪ್ರಾಡಿಜಿ ಎಂಬ ಖಾಸಗಿ ಕಂಪ್ಯೂಟರ್ ಜಾಲದಲ್ಲಿ ಹೂವಿನ ವ್ಯಾಪಾರ ತೆರೆದ ವಿಲಿಯಂ ಟೋಬಿನ್ ಕೂಡ ಮಾರಾಟದ ಮೇಲೆ ಕಮಿಷನ್ ಕೊಟ್ಟಿದ್ದರು. ಆದರೆ ಆ ಹಣ ಹೋದದ್ದು ಜಾಲದ ಒಡೆಯರಿಗೆ. ಬರೆಯುವವರ ಕೈಗೆ ಹಣ ಬರುವ ದಾರಿಯನ್ನು ತೆರೆದದ್ದು ಸಿಡಿನೌ.

ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆ ಶುರುಮಾಡಿದ್ದು 1996ರ ಜುಲೈನಲ್ಲಿ. ಮರುವರ್ಷ ಪೇಟೆಂಟ್‌ಗೆ ಅರ್ಜಿ ಹಾಕಿತು. 2000ದ ಫೆಬ್ರವರಿಯಲ್ಲಿ ಅದು ಮಂಜೂರೂ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೋಬಿನ್ ಅವರಿಗೂ ಒಂದು ಪೇಟೆಂಟ್ ಸಿಕ್ಕಿತು. ಎರಡೂ ಓಲಿಂ ಸೋದರರ ಹೆಸರಿನಲ್ಲಿಲ್ಲ. ದಾರಿ ತೆರೆದವರನ್ನು ದಾಖಲೆ ಹೀಗೆ ಬದಿಗೆ ಸರಿಸಿದ್ದು ಬೇಸರದ ಸಂಗತಿ. ಸಿಡಿನೌ 1998ರಲ್ಲಿ ಷೇರುಪೇಟೆ ಸೇರಿತು, ಜಾಹೀರಾತಿಗೆ ಅಪಾರ ಹಣ ಸುರಿದು ಬಡವಾಯಿತು. 2000ದಲ್ಲಿ ಕೊಲಂಬಿಯಾ ಹೌಸ್ ಕಂಪನಿಯ ಜೊತೆಗಿನ ವಿಲೀನ ಮುರಿದುಬಿತ್ತು. ಜರ್ಮನಿಯ ಬರ್ಟೆಲ್ಸ್‌ಮನ್ ಕಂಪನಿ ಸಿಡಿನೌವನ್ನು 11.7 ಕೋಟಿ ಡಾಲರಿಗೆ ಕೊಂಡಿತು. 2002ರಲ್ಲಿ ಆ ತಾಣವನ್ನು ನಡೆಸುವ ಕೆಲಸ ಅಮೆಜಾನ್ ಪಾಲಾಯಿತು.

ಅಫಿಲಿಯೇಟ್ ಪಾಲಿನ ಲೆಕ್ಕ ನಡೆಯುವುದು ಕುಕಿಯ ಮೂಲಕ. ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ 1994ರಲ್ಲಿ ರೂಪಿಸಿದ ಈ ಪುಟ್ಟ ಕಡತ ಓದುಗರ ಬ್ರೌಸರ್‌ನಲ್ಲಿ ಕೂರುತ್ತದೆ. ಯಾರ ಕೊಂಡಿಯಿಂದ ಬಂದರೆಂದು ಅಂಗಡಿಗೆ ತಿಳಿಸುತ್ತದೆ. ಅಮೆಜಾನ್‌ನಲ್ಲಿ ಇದರ ಆಯುಷ್ಯ ಸಾಮಾನ್ಯವಾಗಿ 24 ಗಂಟೆ. ಅಷ್ಟರಲ್ಲಿ ಓದುಗರು ಬೇರೆ ತಾಣದ ಕೊಂಡಿ ಒತ್ತಿದರೆ ಪಾಲು ಆ ತಾಣಕ್ಕೆ. ಅಡಿಕೆ ಮಂಡಿಯ ದಲ್ಲಾಳಿಗೆ ಕೊಳ್ಳುವವರೂ ಮಾರುವವರೂ ಎದುರಿಗೇ ಕಾಣುತ್ತಾರೆ. ಇಲ್ಲಿ ಬರೆದವರು ಅಂಗಡಿ ಕೊಟ್ಟ ಲೆಕ್ಕವನ್ನೇ ನಂಬಬೇಕು. 1996ರ ಲಿಂಕ್‌ಶೇರ್, 1998ರ ಕಮಿಷನ್ ಜಂಕ್ಷನ್ ಈ ಲೆಕ್ಕ ನೋಡಿಕೊಳ್ಳುವ ಮಧ್ಯವರ್ತಿ ಕಂಪನಿಗಳಾಗಿ ಬೆಳೆದವು.

ಮುಂದಿನ ವರ್ಷಗಳಲ್ಲಿ ಬಂದ ತಾಣಗಳಲ್ಲಿ ಹಲವು, ಮುಟ್ಟಿಯೂ ನೋಡದ ಸಾಮಾನನ್ನು ಹೊಗಳುವ ಪುಟಗಳ ರಾಶಿ. 2011ರಲ್ಲಿ ಗೂಗಲ್ ಪಾಂಡಾ ಎಂಬ ಬದಲಾವಣೆ ತಂದು ಇಂಥ ಸತ್ವಹೀನ ಪುಟಗಳನ್ನು ಹುಡುಕಾಟದಲ್ಲಿ ಕೆಳಗೆ ತಳ್ಳಿತು. ಅದೇ ವರ್ಷ ಬ್ರಯನ್ ಲ್ಯಾಮ್ ವೈರ್‌ಕಟರ್ ತಾಣ ತೆರೆದರು. ವಸ್ತುಗಳನ್ನು ವಾರಗಟ್ಟಲೆ ಬಳಸಿ ಪರೀಕ್ಷಿಸಿ, ಯಾವುದನ್ನು ಕೊಳ್ಳಬೇಕೆಂದು ಖಚಿತವಾಗಿ ಹೇಳುವುದು ಅದರ ಪದ್ಧತಿ. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಸುಮಾರು 3 ಕೋಟಿ ಡಾಲರಿಗೆ ಕೊಂಡುಕೊಂಡಿತು. ಶ್ರದ್ಧೆಯಿಂದ ಬರೆದರೆ ಈ ಆದಾಯ ನಿಲ್ಲುತ್ತದೆಂಬುದಕ್ಕೆ ಇಷ್ಟು ಗಟ್ಟಿಯಾದ ನಿದರ್ಶನ ಇನ್ನೊಂದು ಸಿಗುವುದು ಕಷ್ಟ.

ಆದರೂ ಪಾಲನ್ನು ನಿರ್ಧರಿಸುವ ಅಧಿಕಾರ ಅಂಗಡಿಯದೇ. 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಜನ ಮನೆಯೊಳಗೆ ಕುಳಿತು ಆನ್‌ಲೈನ್‌ನಲ್ಲೇ ಕೊಳ್ಳುತ್ತಿದ್ದಾಗ, ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ಶೇ 8ರಿಂದ 3ಕ್ಕೆ, ದಿನಸಿಯದನ್ನು ಶೇ 5ರಿಂದ 1ಕ್ಕೆ ಇಳಿಸಿತು. ವರ್ಷಗಟ್ಟಲೆ ಬರೆದು ಕಟ್ಟಿದ ಸಣ್ಣ ತಾಣಗಳ ವರಮಾನಕ್ಕೆ ಒಮ್ಮೆಗೇ ಪೆಟ್ಟು ಬಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಗೂಗಲ್ ತಂದ ಮತ್ತೊಂದು ಬದಲಾವಣೆಯಿಂದ, ಕಷ್ಟಪಟ್ಟು ಪರೀಕ್ಷಿಸಿ ಬರೆಯುತ್ತಿದ್ದ ಹಲವರೂ ಓದುಗರನ್ನು ಕಳೆದುಕೊಂಡರು. ಈ ಆದಾಯವನ್ನೇ ನೆಚ್ಚಿದ್ದ ಹಲವರು ಈಗ ಒಂದೇ ಅಂಗಡಿಗೆ ಕಟ್ಟುಬೀಳದೆ ನಾಲ್ಕಾರು ಕಂಪನಿಗಳ ಯೋಜನೆ ಸೇರುತ್ತಾರೆ, ಇಮೇಲ್ ಪತ್ರಿಕೆಯ ಮೂಲಕ ಓದುಗರನ್ನು ನೇರವಾಗಿ ತಲುಪುತ್ತಾರೆ. ಕೊಂಡಿಯಿಂದ ಹಣ ಬರುತ್ತದೆ ಎಂಬುದನ್ನು ಓದುಗರಿಗೆ ತಿಳಿಸುವ ಹೊಣೆಯೂ ಅವರದೇ: ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿ 2009ರಿಂದ ಇದನ್ನು ಕೇಳುತ್ತಿದೆ, ಭಾರತದಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಇಂಥದೇ ಮಾರ್ಗಸೂಚಿ ಹೊರಡಿಸಿದೆ.