ತರಿ ಜಮೀನಿನ ಮೇಲೆ ಬಡಾವಣೆ

ಬೆಂಗಳೂರಿನ ಮಳೆನೀರನ್ನು ಹೊರಕ್ಕೆ ಒಯ್ಯುವ ಮೂರು ದೊಡ್ಡ ಕಣಿವೆಗಳಲ್ಲಿ ಹೆಬ್ಬಾಳ ಕಣಿವೆಯು ನಾಗವಾರವನ್ನು ದಾಟಿ, ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪಶೆಟ್ಟಿ ಕೆರೆಗಳನ್ನು ಒಂದಾದ ಮೇಲೊಂದರಂತೆ ತುಂಬಿಸುತ್ತ ದಕ್ಷಿಣ ಪಿನಾಕಿನಿಯ ಕಡೆಗೆ ಸಾಗುತ್ತದೆ. ಹೊರಮಾವು ಈ ಕಣಿವೆಯ ಊರು. 2025ರ ಮೇ ತಿಂಗಳ ಮಳೆಗೆ ಇಲ್ಲಿಯ ಗೆದ್ದಲಹಳ್ಳಿಯ ಸಾಯಿ ಲೇಔಟ್ ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಗೆ ತರಬೇಕಾಗಿ ಬಂದಾಗ, ರಾಜಕಾಲುವೆಯ ನೀರು ರೈಲುಮಾರ್ಗದಡಿಯ ಕಿರಿದಾದ ಕಿಂಡಿಯಲ್ಲಿ ನುಸುಳಬೇಕಾಗಿರುವುದೇ ಕಾರಣವೆಂದು ಹೇಳಲಾಯಿತು. ಆ ಕಾರಣವು ಸತ್ಯವೇ. ಆದರೆ ಅನರ್ಥದ ಮೂಲವನ್ನು ಅರಸಬೇಕಾದರೆ, ಅಲ್ಲಿಯ ಹೊಲಗಳು ನಿವೇಶನಗಳಾದ ದಿನಗಳಿಗೆ ಹಿಂದಿರುಗಬೇಕು.

ಕೆರೆಯ ಏರಿಯ ಕೆಳಗೆ ತೂಬಿನ ನೀರು ಹಾಯುವಷ್ಟು ನೆಲವು ಅಚ್ಚುಕಟ್ಟು. ಕಂದಾಯದ ದಾಖಲೆಯಲ್ಲಿ ಅದು ತರಿ. ಮಳೆಯನ್ನೇ ನಂಬಿದ ಎತ್ತರದ ಹೊಲ ಖುಷ್ಕಿ, ತೋಟದ ನೆಲ ಬಾಗಾಯ್ತು. ಹಳ್ಳ, ಕಾಲುವೆ, ಬಂಡಿದಾರಿ ಮುಂತಾದ ಸಾರ್ವಜನಿಕ ನೆಲವನ್ನು ‘ಬ’ ಖರಾಬು ಎಂದು ಬೇರ್ಪಡಿಸಿ, ಅದಕ್ಕೆ ಕಂದಾಯವನ್ನು ವಿಧಿಸದೆ, ಯಾರಿಗೂ ಒಡೆತನವಿಲ್ಲದಂತೆ ಇರಿಸಿದ್ದರು. ಊರಿನ ಮನೆಗಳು ಸಾಮಾನ್ಯವಾಗಿ ದಿಣ್ಣೆಯ ಮೇಲೆ ಇರುತ್ತಿದ್ದುವು. ತೆರಿಗೆಯ ನಿರ್ಣಯಕ್ಕಾಗಿ ಹುಟ್ಟಿದ ಈ ವರ್ಗೀಕರಣವು, ಯಾವ ನೆಲವು ನೀರನ್ನು ಹಿಡಿಯುತ್ತದೆ, ಯಾವುದು ಅದನ್ನು ಸಾಗಿಸುತ್ತದೆ, ಎಲ್ಲಿ ಮನುಷ್ಯನು ನಿಶ್ಚಿಂತೆಯಿಂದ ಮಲಗಬಹುದು ಎಂಬುದನ್ನು ಸರ್ವೆ ನಂಬರಿನ ಮಟ್ಟಕ್ಕೆ ಇಳಿದು ಹೇಳುತ್ತಿದ್ದ ಅಪಾಯದ ನಕ್ಷೆಯೂ ಆಗಿದ್ದಿತು. ಇಷ್ಟು ಸೂಕ್ಷ್ಮವಾದ ನಕ್ಷೆಯನ್ನು ಕೈಯಲ್ಲಿಟ್ಟುಕೊಂಡು ನಾವು ನೀರಿನಲ್ಲಿ ಮುಳುಗಿದೆವೆಂಬುದೇ ನನ್ನ ಮನಸ್ಸನ್ನು ಬಹಳವಾಗಿ ನೋಯಿಸುವ ಸಂಗತಿ.

1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ, ಸಾಗುವಳಿಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಜನರು ‘ಡಿಸಿ ಕನ್ವರ್ಷನ್’ ಎನ್ನುವುದು ಇದನ್ನೇ. ಇದರೊಡನೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವುಂಟು. ಯಾವ ನೆಲವನ್ನು ಯಾವುದಕ್ಕೆ ಉಪಯೋಗಿಸತಕ್ಕದ್ದೆಂಬುದನ್ನು ಅದರಡಿಯ ಮಹಾಯೋಜನೆಯು ನಿಗದಿಮಾಡುತ್ತದೆ. ಆದರೆ ಪರಿವರ್ತನೆಯ ಆಜ್ಞೆಯಾದೊಡನೆ ತರಿಯೂ ಖುಷ್ಕಿಯೂ ಸಮಾನವಾಗಿ ‘ಕೃಷಿಯೇತರ’ವಾಗಿಬಿಡುತ್ತವೆ, ನೆಲದ ತಗ್ಗುದಿಣ್ಣೆಗಳ ನೆನಪು ಅಲ್ಲಿಗೆ ಕಾಗದದಿಂದ ಅಳಿಯುತ್ತದೆ. ಇನ್ನು ಪರಿವರ್ತನೆಯನ್ನೇ ಪಡೆಯದೆ ಹೊಲವನ್ನು ಗೆರೆಯೆಳೆದು ಮಾರಿದ ರೆವಿನ್ಯೂ ಸೈಟುಗಳ ಸಂಗತಿ ಬೇರೆ. ಅಲ್ಲಿ ತಡೆದು ಕೇಳುವ ಬಾಗಿಲೇ ಇರಲಿಲ್ಲ. ಅಗ್ಗವಾಗಿ ದೊರೆತುದೆಂದು ಜೀವಮಾನದ ಉಳಿತಾಯವನ್ನು ಸುರಿದು ಅಂಥ ಸೈಟನ್ನು ಕೊಂಡ ಬಡ ಸಂಸಾರಿಯನ್ನು ದೂಷಿಸುವುದು ನ್ಯಾಯವಲ್ಲ, ಏಕೆಂದರೆ ಬೇಸಗೆಯಲ್ಲಿ ನೋಡಿದವನಿಗೆ ತರಿ ಜಮೀನೂ ಒಣನೆಲವಾಗಿಯೇ ಕಾಣಿಸುತ್ತದೆ.

2007ರಲ್ಲಿ ಅನುಮೋದನೆ ಪಡೆದ, 2015ರ ಹೆಸರಿನ, ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ಕೆರೆಗಳ ಸುತ್ತ 30 ಮೀಟರುಗಳನ್ನೂ, ರಾಜಕಾಲುವೆಗಳ ನಡುಗೆರೆಯಿಂದ ಅವುಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರುಗಳನ್ನೂ ಕಟ್ಟಡಗಳಿಗೆ ನಿಷೇಧಿಸಿತು. ಇದು ಸಾಲದೆಂದು ಭಾವಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಕೆರೆಗಳಿಗೆ 75 ಮೀಟರೆಂದೂ, ಕಾಲುವೆಗಳಿಗೆ ಅಂಚಿನಿಂದಲೇ 50, 35, 25 ಮೀಟರೆಂದೂ ಹಿಗ್ಗಿಸಿತು. 2019ರ ಮಾರ್ಚ್ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ರದ್ದುಪಡಿಸಿತು. ಶಾಸನಬದ್ಧವಾದ ಯೋಜನೆಯನ್ನು ತಿದ್ದುವ ಅಧಿಕಾರವು ನ್ಯಾಯಮಂಡಳಿಗೆ ಇಲ್ಲವೆಂಬುದು ಅದರ ಅಭಿಪ್ರಾಯ. ಆದುದರಿಂದ, ಅಂತರವು ಹೆಚ್ಚಬೇಕೆನ್ನುವವರು ಅದನ್ನು ಯೋಜನೆಯೊಳಗೇ ಬರೆಯಿಸತಕ್ಕದ್ದು. 2031ರ ಹೆಸರಿನಲ್ಲಿ ಸಿದ್ಧವಾದ ಮುಂದಿನ ಯೋಜನೆಯಾದರೋ ಕರಡಿನ ಹಂತವನ್ನು ದಾಟಲಿಲ್ಲ.

ನಾನು ಹೇಳಬಯಸುವುದು ಮೀಟರುಗಳ ಲೆಕ್ಕಕ್ಕಿಂತ ಹಿಂದಿನ ಮಾತು. ಕಾಲುವೆಯ ಇಕ್ಕೆಲದ ಪಟ್ಟಿಯನ್ನು ಕಾದಿರಿಸಿ, ಅದರಾಚೆಯ ಅಚ್ಚುಕಟ್ಟನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿದರೆ, ಹಿಂದೆ ಗದ್ದೆಯಲ್ಲಿ ಹರಡಿ ನಿಂತು ಇಂಗುತ್ತಿದ್ದ ನೀರು ಏಕಕಾಲಕ್ಕೆ ಕಾಲುವೆಗೆ ನುಗ್ಗುತ್ತದೆ. ಮೇಲಿನ ಬಡಾವಣೆಗಳ ನೀರೂ ಅದನ್ನು ಕೂಡಿಕೊಳ್ಳುತ್ತದೆ. ನೆದರ್ಲೆಂಡ್ಸಿನವರು ‘ನದಿಗೆ ಎಡೆ’ ಎಂಬರ್ಥದ ಕಾರ್ಯಕ್ರಮವೊಂದರಲ್ಲಿ, ಓವರ್‌ಡೀಪ್ ಎಂಬ ಕೃಷಿಪ್ರದೇಶದ ಒಡ್ಡನ್ನು ತಾವಾಗಿಯೇ ತಗ್ಗಿಸಿ, ಮಹಾಪೂರ ಬಂದಾಗ ನೀರು ಹೊಲಗಳ ಮೇಲೆ ಹಬ್ಬುವಂತೆ ಮಾಡಿದರು. ಅಲ್ಲಿಯೇ ಉಳಿದ ರೈತರ ಮನೆ-ಕೊಟ್ಟಿಗೆಗಳನ್ನು ಎತ್ತರದ ದಿಬ್ಬಗಳ ಮೇಲೆ ಹೊಸದಾಗಿ ಕಟ್ಟಲಾಯಿತು. ಹೊಲವು ಹೊಲವಾಗಿ ಉಳಿದಿದ್ದರಿಂದಲೇ ಈ ಏರ್ಪಾಟು ಸಾಧ್ಯವಾಯಿತು.

ಹೊರಮಾವಿನಲ್ಲಿ ಅಂಥ ಅವಕಾಶವು ಬಹುಮಟ್ಟಿಗೆ ಕೈತಪ್ಪಿದೆ; ಕಿಂಡಿಯನ್ನು ಅಗಲಿಸುವುದು, ಹೂಳೆತ್ತುವುದು, ಒತ್ತುವರಿಯನ್ನು ತೆರವುಗೊಳಿಸುವುದು ಇವೇ ಉಳಿದಿರುವ ಉಪಾಯಗಳು. ಆದರೆ ಅದೇ ಕಣಿವೆಯಲ್ಲಿ ಇನ್ನೂ ಕೆಳಕ್ಕೆ, ಬಿದರಹಳ್ಳಿ ಹೋಬಳಿಯ ಕಡೆಗೆ, ಉಳುವ ಹೊಲಗಳು ಇನ್ನೂ ಇವೆ. ಅಲ್ಲಿ ಕನ್ವರ್ಷನ್ನಿನ ಅರ್ಜಿ ಬಂದಾಗ, ಗ್ರಾಮನಕ್ಷೆಯನ್ನೂ ಹಳೆಯ ಪಹಣಿಯನ್ನೂ ಎದುರಿಗಿರಿಸಿಕೊಂಡು, ಸದರಿ ನೆಲವು ತರಿಯಾಗಿದ್ದಿತೆ, ಕೋಡಿಯ ನೀರು ಅದರ ಮೇಲೆ ಹಾಯುವುದೆ ಎಂದು ವಿಚಾರಿಸಿ, ಹೌದಾದರೆ ಮನೆಗಳಿಗೆ ಅನುಮತಿಯನ್ನು ಕೊಡಕೂಡದು. ಹಾಗೆ ನಿರ್ಬಂಧಕ್ಕೊಳಗಾದ ರೈತನಿಗೆ ಪರಿಹಾರವೂ ಸಲ್ಲಬೇಕು. ನಗರದ ನೀರನ್ನು ತನ್ನ ಹೊಲದಲ್ಲಿ ತಡೆದುಕೊಳ್ಳುವವನು ಆ ನಷ್ಟವನ್ನು ಒಬ್ಬನೇ ಹೊರುವುದು ಅಧರ್ಮ. ಈಗಲಾದರೋ ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ, ನಿಂತ ನೆಲದ ಸರ್ವೆ ನಂಬರನ್ನೂ ಅಲ್ಲಿ ಕೆರೆ, ಖರಾಬುಗಳು ಇರುವುದನ್ನೂ ಮೊಬೈಲಿನಲ್ಲಿಯೇ ನೋಡಬಹುದು. ಸೈಟಿಗೆ ಮುಂಗಡವನ್ನು ಕೊಡುವ ಮುನ್ನ ಕೊಳ್ಳುವವರು ಅದನ್ನು ನೋಡಲಿ. ಅದಕ್ಕೂ ಮುನ್ನ, ಬಡಾವಣೆಯ ನಕ್ಷೆಗೆ ಸಹಿಹಾಕುವ ಅಧಿಕಾರಿಯು ನೋಡುವುದನ್ನು ಕಡ್ಡಾಯ ಮಾಡಲಿ.