ಗುಡಗುಡಿಯ ಪದವೂ ಕೇಳುವ ಕಿವಿಯೂ

ನವೆಂಬರು ತಿಂಗಳು ಬಂತೆಂದರೆ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳ ಬೀದಿಬೀದಿಗಳಲ್ಲಿಯೂ ಹಳದಿ ಕೆಂಪಿನ ಬಾವುಟಗಳು ಏರುತ್ತವೆ. ಅವುಗಳ ಬೆನ್ನಿಗೇ ಚಪ್ಪರ, ವೇದಿಕೆ, ದೀಪಮಾಲೆ, ಧ್ವನಿವರ್ಧಕಗಳು. ಒಂದನೆಯ ತಾರೀಖಿಗೆ ಆರಂಭವಾದ ರಾಜ್ಯೋತ್ಸವವು ತಿಂಗಳ ಕೊನೆಯವರೆಗೂ ಒಂದು ಬೀದಿಯಿಂದ ಇನ್ನೊಂದಕ್ಕೆ ಸಂಚರಿಸುತ್ತಲೇ ಇರುವುದು ನಗರದ ಈ ಪಶ್ಚಿಮ ಭಾಗದ ನಿವಾಸಿಗಳೆಲ್ಲರಿಗೂ ತಿಳಿದ ಸಂಗತಿಯೇ ಸರಿ. ಇಂಥದೊಂದು ವೇದಿಕೆಯ ಮುಂದೆ, ವಿಜಯನಗರದಲ್ಲಿ, ಒಂದು ಸಂಜೆ ನಾವೂ ನಿಂತಿದ್ದೆವು. ನಾಲ್ಕೈದು ಮಂದಿ ತರುಣರು ಗಿಟಾರು ಡ್ರಮ್ಮುಗಳೊಡನೆ ಬಂದು ಶಿಶುನಾಳ ಷರೀಫ ಸಾಹೇಬರ ಗುಡಗುಡಿಯ ಪದವನ್ನು ರಾಕ್ ಸಂಗೀತದ ಮಟ್ಟಿನಲ್ಲಿ ಹಾಡಿದರು. ಜನ ಕುಣಿದರು. ನಮ್ಮ ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬನು, "ಸೇದುವವರ ಹಾಡು ಸಾರ್ ಇದು, ಆಗಿನ ಕಾಲಕ್ಕೇ ಎಷ್ಟು ಧೈರ್ಯ ನೋಡಿ!" ಎಂದನು. ಈಚೆಯ ಕುರ್ಚಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು, "ಸಂತರ ಪದಕ್ಕೆ ಬಂದ ಗತಿ ನೋಡಿದಿರಾ ಸ್ವಾಮಿ" ಎಂದು ಹೇಳಿ ಎದ್ದು ಹೊರಟೇ ಬಿಟ್ಟರು.

ಇಬ್ಬರೂ ಕೇಳಿದ್ದು ಒಂದೇ ಪದ. ಇಬ್ಬರಿಗೂ ಅದು ಮುಟ್ಟಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹವಿಟ್ಟವರು. ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಶಿಶುನಾಳ ಅವರ ಊರು. ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದರು. ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಹಿಡಿದರು. ಗುಡಗುಡಿ ಎಂಬುದು ಆ ಸೀಮೆಯ ಕಟ್ಟೆಯ ಮೇಲೆ ಕುಳಿತವರ ಕೈಯಲ್ಲಿ ದಿನವೂ ಕಾಣುತ್ತಿದ್ದ ವಸ್ತು. ಅದನ್ನೇ ಎತ್ತಿಕೊಂಡು ಅವರು ಹೇಳಿದ ಮಾತಾದರೂ ಏನು? ಮನಸ್ಸೆಂಬುದೇ ಸಂಚಿ, ಮೋಹವೆಂಬುದೇ ಅದರೊಳಗಿನ ಭಂಗಿ. ಅದನ್ನು ಕೊಚ್ಚಿ ಸುಟ್ಟುಬಿಡು, ನಿನ್ನ ಒಡಲೊಳಗಿನ ರೋಗವನ್ನು ಹೊರಗೆ ಹಾಕು ಎಂದು. ಹೊಗೆಯಾಗತಕ್ಕದ್ದು ತಂಬಾಕಲ್ಲ, ಸೇದುವವನ ಮೋಹ. ಇದನ್ನು ಕೇಳಿ ಧೂಮಪಾನಕ್ಕೆ ಸನ್ನದು ಸಿಕ್ಕಿತೆಂದು ಹಿಗ್ಗುವ ಹುಡುಗನನ್ನು ಕಂಡರೆ ಸಿಟ್ಟಿಗಿಂತ ನಗೆಯೇ ಮುಂದಾಗುತ್ತದೆ. ಒಂದು ಮಾತು ಮಾತ್ರ ನಿಜ: ಕಿವಿಗೆ ರುಚಿಸುವ ಮೇಲಿನ ಅರ್ಥವೊಂದನ್ನು ಬೇಕೆಂದೇ ಹೊದಿಸಿಟ್ಟವರು ಷರೀಫರೇ. ಕೋಳಿ ಕೋಡಗವನ್ನು ನುಂಗಿದ ಪದವನ್ನು ಕೇಳಿ ಮಕ್ಕಳು ನಗುವುದೂ, ಅದೇ ಪದದ ಕೊನೆಗೆ ಗುರುಪಾದವು ಶಿಷ್ಯನನ್ನೇ ನುಂಗುವಲ್ಲಿ ದೊಡ್ಡವರು ಸುಮ್ಮನಾಗುವುದೂ ಕರ್ತೃವಿಗೆ ತಿಳಿದೇ ಇದ್ದ ವಿಚಾರ.

ಇನ್ನು ಎದ್ದು ಹೋದ ವೃದ್ಧರ ವಿಷಯ. ಷರೀಫರ ಪದಗಳಿಗೆ ರಾಕ್ ಉಡುಪು ತೊಡಿಸಿದವರಲ್ಲಿ ಪ್ರಸಿದ್ಧರು ಮೈಸೂರಿನಲ್ಲಿ ಬೆಳೆದ ಶ್ರೀ ರಘು ದೀಕ್ಷಿತರು. 2008ರಲ್ಲಿ ಹೊರಬಂದ ಅವರ ಮೊದಲನೆಯ ಧ್ವನಿಮುದ್ರಿಕೆಯಲ್ಲಿಯೇ ಗುಡಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಇದ್ದವು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯ ಮಹಾಮೇಳದವರೆಗೂ ಅವರು ಹೋಗಿ ಬಂದರು. ಇದು ಅಪಚಾರವೆನ್ನುವವರನ್ನು ನಾವು ಕೇಳುವುದಿಷ್ಟೆ: ತಮಗೆ ಈ ಪದಗಳ ಮಟ್ಟು ಎಲ್ಲಿಂದ ಬಂತು? ನಮ್ಮ ನಗರವಾಸಿಗಳಲ್ಲಿ ಬಹುಮಂದಿಗೆ ಅದು ಬಂದದ್ದು ಏಕತಾರಿ ಹಿಡಿದ ಹಳ್ಳಿಯ ಭಜನೆಯವರಿಂದಲ್ಲ, ಶ್ರೀ ಸಿ. ಅಶ್ವಥ್ ಅವರ ಕಂಠದಿಂದ, ಅವರು ಸಂಗೀತ ಕೂಡಿಸಿದ 1990ರ 'ಸಂತ ಶಿಶುನಾಳ ಶರೀಫ' ಚಲನಚಿತ್ರದಿಂದ. ಅಲ್ಲಿಯೂ ವಾದ್ಯವೃಂದವಿತ್ತು, ಆಗಲೂ ಮೂಗು ಮುರಿದವರು ಇದ್ದಿರಬೇಕು. ಮೂವತ್ತು ವರ್ಷ ಕಳೆದರೆ ಎಲ್ಲವೂ ಪರಂಪರೆಯೇ!

ಈ ಚರ್ಚೆಯಲ್ಲಿ ರಾಜಾಜಿನಗರದವರಿಗೆ ಒಂದು ವಿಶೇಷ ಸಾಕ್ಷಿಯುಂಟು. ಕಾರ್ಡ್ ರಸ್ತೆಯ ಬದಿಯ ಗುಡ್ಡದ ಮೇಲೆ 1997ರಲ್ಲಿ ಅಂದಿನ ರಾಷ್ಟ್ರಪತಿಗಳಾದ ಡಾ. ಶಂಕರ ದಯಾಳ ಶರ್ಮರು ಉದ್ಘಾಟಿಸಿದ ಇಸ್ಕಾನ್ ಮಂದಿರದಲ್ಲಿ ದಿನವೂ ಮೊಳಗುವ ಕೃಷ್ಣಮಂತ್ರವಿದೆಯಷ್ಟೆ, ಅದನ್ನು ಪಾಶ್ಚಾತ್ಯ ಜನಸಾಮಾನ್ಯರ ಮನೆಮನೆಗೆ ಒಯ್ದದ್ದು ರಾಕ್ ಸಂಗೀತವೇ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನರು 1969ರಲ್ಲಿ ಲಂಡನ್ನಿನ ಕೃಷ್ಣಭಕ್ತರಿಂದ ಆ ಮಂತ್ರವನ್ನು ಹಾಡಿಸಿ ಧ್ವನಿಮುದ್ರಿಕೆ ಹೊರಡಿಸಿದರು. ಮರುವರ್ಷ ತಾವೇ ರಚಿಸಿದ 'ಮೈ ಸ್ವೀಟ್ ಲಾರ್ಡ್' ಎಂಬ ಪದದಲ್ಲಿ, ಮೇಳದವರು ಮೊದಲು ಕ್ರೈಸ್ತರ ಸ್ತುತಿಶಬ್ದವನ್ನು ಹೇಳಿ, ಕೇಳುವವನು ತಲೆದೂಗುತ್ತಿರುವಾಗಲೇ ಮೆಲ್ಲನೆ ಕೃಷ್ಣನಾಮಕ್ಕೆ ಹೊರಳುವಂತೆಯೂ, ಕೊನೆಗೆ ನಮ್ಮ ಗುರುಸ್ತೋತ್ರದ ಶ್ಲೋಕವೇ ಬರುವಂತೆಯೂ ಹೊಂದಿಸಿದರು. ಎರಡೂ ನಾಮಗಳ ಅರ್ಥ ಒಂದೇ ಎಂದು ತಿಳಿಸುವುದಕ್ಕಾಗಿ ಹೀಗೆ ಮಾಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಆ ಪದ ಇಂಗ್ಲೆಂಡ್ ಅಮೆರಿಕೆಗಳೆರಡರಲ್ಲಿಯೂ ಮಾರಾಟದಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. 1976ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು, ಮಟ್ಟು ಮಾತ್ರ ಅರಿಯದೆಯೇ ಹಳೆಯ ಪದವೊಂದರಿಂದ ಬಂದದ್ದೆಂದು ತೀರ್ಪಿತ್ತಿತು. ನಾಮ ದೇವರದಾದರೂ ಮಟ್ಟಿಗೆ ಬೇರೆ ಒಡೆಯರಿದ್ದರು!

ಕೇಳುವವರು ತಪ್ಪು ತಿಳಿಯುವುದು ಇನ್ನೊಂದು ದಿಕ್ಕಿನಲ್ಲಿಯೂ ಉಂಟು. ಐರನ್ ಮೇಡನ್ ಎಂಬ ಆಂಗ್ಲ ತಂಡದವರು 1982ರಲ್ಲಿ, ಕೆಟ್ಟ ಕನಸೊಂದರಿಂದ ಹುಟ್ಟಿದ ಪದವನ್ನು ಬೈಬಲ್ಲಿನ ಕೊನೆಯ ಗ್ರಂಥದ ಮಾತುಗಳೊಡನೆ ಸೇರಿಸಿ ಹಾಡಿದರೆ, ಅಮೆರಿಕೆಯ ಕೆಲವು ಧರ್ಮಾಭಿಮಾನಿಗಳು ಅದನ್ನು ಸೈತಾನನ ಪೂಜೆಯೆಂದು ಬಗೆದು ಮುದ್ರಿಕೆಗಳನ್ನು ಸುಟ್ಟರು. ಅದೇ ತಂಡ 2007ರಲ್ಲಿ ನಮ್ಮ ಅರಮನೆ ಮೈದಾನಕ್ಕೆ ಬಂದಾಗ ಬೆಂಗಳೂರಿನ ತರುಣರು ಹಾಡಿ ಕುಣಿದು ಮನೆಗೆ ಹೋದರು. ಯಾರಿಗೂ ಸೈತಾನ ಹಿಡಿದಂತೆ ಕಾಣಲಿಲ್ಲ.

ಮೇಲಿನ ಹುಡುಗನನ್ನೂ ವೃದ್ಧರನ್ನೂ ಬಿಟ್ಟು ಮೂರನೆಯ ಬಗೆಯ ಶ್ರೋತೃಗಳ ವಿಚಾರವನ್ನು ಹೇಳದೆ ಹೋದರೆ ನಮ್ಮ ಕರ್ತವ್ಯಕ್ಕೆ ಲೋಪವಾದೀತು. ಅವರು ವೇದಿಕೆಯ ಮೇಲಿನ ಗಣ್ಯರು. ನಮ್ಮ ವಾಚಕರಲ್ಲಿಯೂ, ನಮ್ಮನ್ನೂ ಸೇರಿಸಿ, ಅನೇಕರು ಆ ವರ್ಗದವರೇ. ನಮಗೆ ಷರೀಫರೆಂದರೆ ಹಿಂದೂ ಮುಸಲ್ಮಾನರ ಐಕ್ಯದ ಒಂದು ಫಲಕ. ಮೇಲೆ ಹೇಳಿದ ಚಲನಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದದ್ದು ಯೋಗ್ಯವೇ. ಶಿಶುನಾಳದ ಗದ್ದುಗೆಗೆ ಎರಡು ಮತದವರೂ ನಡೆದುಕೊಳ್ಳುವುದು ನಾಡಿಗೆ ಭೂಷಣವೇ. ಆದರೆ ಭಾಷಣದಲ್ಲಿ ಈ ಮಾತನ್ನು ಆಡಿ ಇಳಿದು ಬರುವ ನಾವು, ಆ ಐಕ್ಯವನ್ನು ಬೋಧಿಸಬೇಕಾದದ್ದು ಯಾವಾಗಲೂ ಬೇರೆ ಯಾರಿಗೋ ಎಂದೇ ತಿಳಿದಿರುತ್ತೇವೆ. ಹುಡುಗನಿಗೆ ಆ ಪದ ಸೇದುವವರನ್ನು ಕುರಿತದ್ದು. ವೃದ್ಧರಿಗೆ ಕೆಟ್ಟುಹೋದ ತರುಣರನ್ನು ಕುರಿತದ್ದು. ನಮಗೆ ಜಗಳವಾಡುವ ಜನರನ್ನು ಕುರಿತದ್ದು. ಪದದಲ್ಲಿರುವುದಾದರೋ 'ನಿನ್ನ' ಒಡಲು. ಅಜ್ಞಾನದಿಂದ ಸೋರುವ ಮಾಳಿಗೆಯೂ ನೆರೆಮನೆಯದಲ್ಲ.

ಹಿಂದೆ ಇದನ್ನು ಕಾಯ್ದುಕೊಂಡು ಬಂದದ್ದು ವಾದ್ಯವಲ್ಲ, ಕೂಟ. ನಮ್ಮ ಪಾಠಶಾಲೆಯ ದಿನಗಳಲ್ಲಿ ಶನಿವಾರದ ಭಜನೆಯಲ್ಲಿ ಒಂದು ಪದ ಮುಗಿದ ಮೇಲೆ ತಾಳಗಳನ್ನು ಕೆಳಗಿಟ್ಟು, "ಇದರ ಅರ್ಥವೇನಪ್ಪಾ?" ಎಂದು ಹಿರಿಯರೊಬ್ಬರು ಕೇಳುತ್ತಿದ್ದರು. ಒಬ್ಬನು ಒಂದು ಹೇಳುವನು, ಮತ್ತೊಬ್ಬನು ಅಲ್ಲವೆನ್ನುವನು. ಅರ್ಧ ಗಂಟೆ ವಾದವಾಗಿ ಮತ್ತೆ ಅದೇ ಪದವನ್ನು ಹಾಡುವರು. ಎರಡನೆಯ ಸಲ ಕೇಳುವಾಗ ಅದು ಬೇರೆ ಪದವೇ ಆಗಿರುತ್ತಿತ್ತು. ಧ್ವನಿವರ್ಧಕದ ಮುಂದೆ ಈ ಪ್ರಶ್ನೆಗೆ ಎಡೆಯಿಲ್ಲ. ಒಂದು ಪದ ಮುಗಿಯುವುದರೊಳಗಾಗಿ ಇನ್ನೊಂದಕ್ಕೆ ಚಪ್ಪಾಳೆ ಬಿದ್ದಿರುತ್ತದೆ.

ಆದುದರಿಂದ ಈ ಬಡಾವಣೆಗಳ ಕನ್ನಡ ಸಂಘಗಳ ಕಾರ್ಯದರ್ಶಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಗಿಟಾರನ್ನು ನಿಷೇಧಿಸತಕ್ಕದ್ದಿಲ್ಲ, ಕೆಂಗೇರಿಯ ಆಚೀಚಿನ ಕಾಲೇಜುಗಳ ಹುಡುಗರು ಷರೀಫರನ್ನು ತಾವಾಗಿಯೇ ಹುಡುಕಿಕೊಂಡು ಬಂದಿರುವಾಗ ಬಾಗಿಲು ಹಾಕುವುದು ಮೂರ್ಖತನ. ಸನ್ಮಾನದ ಶಾಲು ಹಾರಗಳಿಗೆ ಮೀಸಲಿಡುವ ಒಂದು ಗಂಟೆಯಲ್ಲಿ ಐದು ನಿಮಿಷವನ್ನು ಕಡಿದು, ಹಾಡುವ ಹುಡುಗರಲ್ಲಿಯೇ ಒಬ್ಬನು ಪದದ ಅರ್ಥವನ್ನು ತನಗೆ ತಿಳಿದಂತೆ ಹೇಳುವ ಏರ್ಪಾಡು ಮಾಡಲಿ. ತಪ್ಪು ಹೇಳಿದರೂ ಚಿಂತೆಯಿಲ್ಲ. ಸಭೆಯಲ್ಲಿ ಒಬ್ಬರಾದರೂ ಎದ್ದು ಅಲ್ಲವೆಂದರೆ ಕೂಟ ಆರಂಭವಾಯಿತೆಂದೇ ಅರ್ಥ.

ಆ ಸಂಜೆ ನಮ್ಮ ಪಕ್ಕದ ಹುಡುಗನು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿದ್ದನು: "ಕೊನೆಯಲ್ಲಿ ಶಿಶುನಾಳಧೀಶ ಅಂತ ಬರತ್ತಲ್ಲ ಸಾರ್, ಯಾರು ಅದು, ಹಾಡು ಬರೆದವರಾ?" ಬರೆದವರ ಅಂಕಿತವೂ ಹೌದು, ಶಿಶುನಾಳದ ಒಡೆಯನಾದ ದೇವರ ಹೆಸರೂ ಹೌದು ಎಂದು ಹೇಳುವುದರೊಳಗಾಗಿ ಡ್ರಮ್ಮು ಬಡಿಯತೊಡಗಿತು. ಕೈಸನ್ನೆಯಿಂದ ನಾಳೆ ಕಚೇರಿಗೆ ಬಾ ಎಂದೆವು. ಬಂದನು, ಇಬ್ಬರು ಗೆಳೆಯರನ್ನೂ ಕರೆತಂದಿದ್ದನು.