ಒಂದು ಸಿಂಹಾಸನ, ಮೂರು ನೆನಪು

ವಿಯೆನ್ನಾದ ಎರಡು ಭಾರಿ ಮ್ಯೂಸಿಯಂಗಳ ನಡುವಿನ ಚೌಕದಲ್ಲಿ ಮಹಾರಾಣಿ ಮರಿಯಾ ತೆರೇಸಾ ಸಿಂಹಾಸನದ ಮೇಲೆ ಕೂತಿದ್ದಾಳೆ. ಸುತ್ತ ಕುದುರೆಯೇರಿದ ಸೇನಾಪತಿಗಳು, ಮಂತ್ರಿಗಳು. 1888ರಲ್ಲಿ ಕೂತವಳು ಇವತ್ತಿಗೂ ಎದ್ದಿಲ್ಲ. ಅಲ್ಲಿಂದ ರೈಲಿನಲ್ಲಿ ಮೂರು ಗಂಟೆಯೊಳಗೆ ತಲುಪುವ ಬುಡಾಪೆಸ್ಟ್‌ನ ವೀರರ ಚೌಕದಲ್ಲೂ ಅವಳದೊಂದು ಪ್ರತಿಮೆ ಇತ್ತು. ಎರಡನೇ ಮಹಾಯುದ್ಧದ ನಂತರ ಅವಳನ್ನೂ ಅವಳ ಹಬ್ಸ್‌ಬರ್ಗ್ ವಂಶದ ಇನ್ನು ನಾಲ್ವರನ್ನೂ ಅಲ್ಲಿಂದ ಇಳಿಸಿ, ಆ ವಂಶದ ವಿರುದ್ಧ ದಂಗೆಯೆದ್ದವರನ್ನೇ ಆ ಜಾಗಗಳಲ್ಲಿ ನಿಲ್ಲಿಸಿದರು. ಪ್ರಾಗ್‌ನವರು ಅಷ್ಟು ದಿನ ಕಾಯಲಿಲ್ಲ. ಸಾಮ್ರಾಜ್ಯ ಕುಸಿದ 1918ರ ನವೆಂಬರ್‌ನಲ್ಲೇ ಹಳೇಪೇಟೆ ಚೌಕದ ಮೇರಿ ಮಾತೆಯ ಕಂಬವನ್ನು ಹಬ್ಸ್‌ಬರ್ಗ್ ಆಳ್ವಿಕೆಯ ಗುರುತೆಂದು ಕೆಡವಿದರು. ನೂರು ವರ್ಷ ಕಳೆದ ಮೇಲೆ, 2020ರಲ್ಲಿ, ಅದರ ಪ್ರತಿಕೃತಿಯೊಂದು ಅಲ್ಲೇ ಎದ್ದು ನಿಂತಿತು.

ಒಂದೇ ಮನೆತನ ಆಳಿದ ಮೂರು ಊರುಗಳು ಆ ಮನೆತನವನ್ನು ಮೂರು ಬಗೆಯಲ್ಲಿ ನೆನೆಯುತ್ತವೆ. ಮದುವೆಯಾದ ಹೊಸತರಲ್ಲಿ ಯುರೋಪಿಗೆ ಹೋಗುವುದೆಂದು ತೀರ್ಮಾನವಾದಾಗ ನಾನೂ ನನ್ನ ಗಂಡನೂ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್‌ಗಳನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ನಾನು ಇತಿಹಾಸ ಓದಿದವಳು. ಅವನು ಸಿವಿಲ್ ಎಂಜಿನಿಯರ್, ಸೇತುವೆ ಕಂಡರೆ ಮೊದಲು ಅದರ ಕೆಳಗೆ ಬಗ್ಗಿ ನೋಡುವವನು. ಮೈಸೂರಿನಲ್ಲಿರುವ ಅತ್ತೆಗೆ ಮಾತ್ರ ಈ ಪಟ್ಟಿ ಹಿಡಿಸಲಿಲ್ಲ. “ಐಫೆಲ್ ಟವರ್ ನೋಡ್ದೆ ಯುರೋಪಿಗೆ ಹೋಗ್ಬಂದ್ವಿ ಅಂದ್ರೆ ಯಾರಾದ್ರೂ ನಂಬ್ತಾರೇನೇ?” ಎಂದು ಕೇಳುತ್ತಲೇ ಗೊಜ್ಜವಲಕ್ಕಿ ಪುಡಿಯ ಡಬ್ಬಿಯನ್ನು ನಮ್ಮ ಚೀಲಕ್ಕೆ ತುರುಕಿದರು.

ಪ್ರಾಗ್: ನೆಲಗಲ್ಲಿನ ಮೇಲಿನ ಲೆಕ್ಕ

ಪ್ರಾಗ್‌ನ ಹಳೇಪೇಟೆ ಚೌಕದಲ್ಲಿ ಗಂಟೆ ಹೊಡೆಯುವ ಮುನ್ನ ಎಲ್ಲರ ಮುಖವೂ ಪುರಭವನದ ಗಡಿಯಾರದ ಕಡೆಗಿರುತ್ತದೆ. ಕಿಟಕಿ ತೆರೆದು ಹನ್ನೆರಡು ಮಂದಿ ಅಪೋಸ್ತಲರು ಸಾಲಾಗಿ ಸಾಗುತ್ತಾರೆ, ಪಕ್ಕದ ಅಸ್ಥಿಪಂಜರ ಗಂಟೆಯ ಹಗ್ಗ ಎಳೆಯುತ್ತದೆ. 1410ರಲ್ಲಿ ಕೂಡಿಸಿದ ಈ ಖಗೋಳ ಗಡಿಯಾರ, ಇಂದಿಗೂ ಓಡುತ್ತಿರುವ ಆ ಬಗೆಯ ಗಡಿಯಾರಗಳಲ್ಲಿ ಜಗತ್ತಿನಲ್ಲೇ ಹಳೆಯದು. ಗೊಂಬೆಗಳ ಮೆರವಣಿಗೆ ಮುಗಿದು ಜನ ಚದುರಿದ ಮೇಲೆ ಅದರ ನಿಜವಾದ ಸೊಗಸು ಕಾಣುತ್ತದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ, ಸೂರ್ಯಾಸ್ತದಿಂದ ಎಷ್ಟು ಹೊತ್ತಾಯಿತು ಎಲ್ಲವನ್ನೂ ಅದರ ಮುಳ್ಳುಗಳು ತೋರಿಸುತ್ತವೆ. ಪಂಚಾಂಗ ನೋಡಿ ಬೆಳೆದವರಿಗೆ ಮೇಷ, ವೃಷಭ, ಮಿಥುನ ಎಂದು ಓದಿಕೊಳ್ಳಲು ಗೈಡ್ ಬೇಕಿಲ್ಲ. ಅದೇ ಚೌಕದ ಅಂಚಿನ ಟೀನ್ ಚರ್ಚಿನಲ್ಲಿ ಖಗೋಳಜ್ಞ ಟೈಕೋ ಬ್ರಾಹೆಯ ಸಮಾಧಿಯಿದೆ. ಅವನು 1601ರಲ್ಲಿ ತೀರಿಕೊಂಡ ಮೇಲೆ ಅವನ ಲೆಕ್ಕಪತ್ರಗಳನ್ನು ಹಿಡಿದು ಕೆಪ್ಲರ್ ಇದೇ ಊರಿನಲ್ಲಿ ಕೂತು ಗ್ರಹಗಳ ಹಾದಿ ದುಂಡಗಿಲ್ಲ, ಅಂಡಾಕಾರವಾಗಿದೆ ಎಂದು ಕಂಡುಕೊಂಡ.

ಎಲ್ಲರೂ ತಲೆಯೆತ್ತಿ ನೋಡುವ ಆ ಗಡಿಯಾರದಿಂದ ಕೆಲವೇ ಹೆಜ್ಜೆ ದೂರದಲ್ಲಿ ತಲೆ ತಗ್ಗಿಸಿ ನೋಡಬೇಕಾದದ್ದೊಂದಿದೆ. ಪುರಭವನದ ಗೋಡೆಯ ಪಕ್ಕದ ನೆಲಗಲ್ಲುಗಳಲ್ಲಿ 27 ಬಿಳಿ ಶಿಲುಬೆಗಳನ್ನು ಕೂರಿಸಿದ್ದಾರೆ. 1620ರಲ್ಲಿ ಊರ ಹೊರಗಿನ ಬಿಳಿಬೆಟ್ಟದ ಕದನದಲ್ಲಿ ಪ್ರಾಗ್ ಸುತ್ತಲಿನ ಬೊಹೀಮಿಯಾ ನಾಡಿನ ದಂಗೆ ಸೋತಿತು. ಮರುವರ್ಷ ಜೂನ್ 21ರಂದು ದಂಗೆಯ 27 ಮುಖಂಡರನ್ನು ಹಬ್ಸ್‌ಬರ್ಗ್ ಅರಸ ಈ ಚೌಕದಲ್ಲಿ ಕೊಲ್ಲಿಸಿದ. ಅವರಲ್ಲಿ ಹನ್ನೆರಡು ಮಂದಿಯ ತಲೆಗಳು ಚಾರ್ಲ್ಸ್ ಸೇತುವೆಯ ಬಾಗಿಲಗೋಪುರದಲ್ಲಿ ಹತ್ತು ವರ್ಷ ನೇತಾಡಿದವು. ಇವತ್ತು ಅದೇ ಗೋಪುರದ ಕೆಳಗೆ ಹೊಸ ದಂಪತಿಗಳು ಮದುವೆ ಉಡುಪಿನಲ್ಲೇ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ತಲೆಗಳ ಕಥೆಯನ್ನು ನಾನು ಅವನಿಗೆ ಹೇಳಿದ್ದು ಫೋಟೊ ಆದ ಮೇಲೆ.

ಸೇತುವೆ ಮಾತ್ರ ಪೂರ್ತಿ ಅವನ ಪಾಲು. ಸಾಮ್ರಾಟ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಕೆಲಸ ಆರಂಭಿಸಿದ ಇದಕ್ಕೆ ಹದಿನಾರು ಕಮಾನು, ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ. ಗಾರೆಗೆ ಕೋಳಿಮೊಟ್ಟೆ ಕಲಸಿದ್ದರೆಂಬ ಕಥೆಯನ್ನು ಅಲ್ಲಿನ ಪ್ರತಿಯೊಬ್ಬ ಗೈಡೂ ಹೇಳುತ್ತಾನೆ. ಮೇಲಿನ 30 ಪ್ರತಿಮೆ ಹಾಗೂ ಪ್ರತಿಮಾಗುಂಪುಗಳನ್ನು ಸೇತುವೆಯಷ್ಟೇ ಹಳೆಯವೆಂದು ಬಹಳ ಮಂದಿ ತಿಳಿಯುತ್ತಾರೆ. ಅವುಗಳಲ್ಲಿ ಹೆಚ್ಚಿನವು ಬಿಳಿಬೆಟ್ಟದ ಸೋಲಾದ ಮೇಲೆ, 1683ರಿಂದ ಮುಂದಿನ ಮೂರು ದಶಕಗಳಲ್ಲಿ ಬಂದವು. ಗೆದ್ದ ಕ್ಯಾಥೊಲಿಕ್ ಅರಸೊತ್ತಿಗೆ ಸೋತ ಊರಿನ ಮುಖ್ಯ ದಾರಿಯಲ್ಲಿ ತನ್ನ ಸಂತರನ್ನು ನಿಲ್ಲಿಸಿತು. ಈಗ ಅದೇ ಸಂತರನ್ನು ನೋಡಲು ಜಗತ್ತು ಬರುತ್ತದೆ. ಬೆಳಗಿನ ಆರು ಗಂಟೆಗೆ ಹೋದರೆ ಸೇತುವೆ ನಿಮ್ಮದು, ಹತ್ತರ ಮೇಲೆ ಅದು ನಮ್ಮ ದಸರಾ ಜಂಬೂಸವಾರಿ.

ಊಟದ ವಿಷಯದಲ್ಲಿ ಪ್ರಾಗ್ ಸಸ್ಯಾಹಾರಿಗಳಿಗೆ ಅಷ್ಟೇನೂ ಉದಾರಿಯಲ್ಲ. ಹಪ್ಪಳದ ಬಣ್ಣಕ್ಕೆ ಕರಿದ ದಪ್ಪ ಚೀಸ್ ಹೋಳು, ಜೊತೆಗೆ ಆಲೂಗಡ್ಡೆ ಎಲ್ಲ ಹೋಟೆಲಿನಲ್ಲೂ ಸಿಗುತ್ತದೆ. ಎರಡನೇ ದಿನಕ್ಕೇ ಅತ್ತೆಯ ಡಬ್ಬಿ ತೆರೆಯಿತು.

ವಿಯೆನ್ನಾ: ಎದುರು ಗೋಡೆಯ ಹೆಂಡತಿ

ಪ್ರಾಗ್‌ನ ಮುಖ್ಯ ನಿಲ್ದಾಣ 1871ರಲ್ಲಿ ತೆರೆದಾಗ ಅದರ ಹೆಸರು ಚಕ್ರವರ್ತಿ ಫ್ರಾಂಜ್ ಜೋಸೆಫನದು. ಸಾಮ್ರಾಜ್ಯ ಮುರಿದ ಮೇಲೆ ಅಮೆರಿಕದ ಅಧ್ಯಕ್ಷ ವಿಲ್ಸನ್ ಹೆಸರು ಬಂತು. ಅಲ್ಲಿಂದ ವಿಯೆನ್ನಾಕ್ಕೆ ಸುಮಾರು ನಾಲ್ಕು ಗಂಟೆಯ ಹಾದಿ. ನಡುವೆ ಬರುವ ಬರ್ನೊ ಊರಿನ ಮಠದ ತೋಟದಲ್ಲೇ ಮೆಂಡೆಲ್ ಬಟಾಣಿ ಬೆಳೆದು ಅನುವಂಶೀಯತೆಯ ನಿಯಮ ಹುಡುಕಿದ್ದು. ದೇಶದ ಗಡಿ ದಾಟಿದ್ದು ನಮಗೆ ಗೊತ್ತಾದದ್ದು ಫೋನಿಗೆ ಬಂದ ಹೊಸ ನೆಟ್‌ವರ್ಕಿನ ಸಂದೇಶದಿಂದ.

ವಿಯೆನ್ನಾ ತನ್ನ ಅರಸರ ಬಗ್ಗೆ ಎಲ್ಲೂ ಸಂಕೋಚಪಡುವುದಿಲ್ಲ. ಫ್ರಾಂಜ್ ಜೋಸೆಫ್ 1857ರಲ್ಲಿ ಕೋಟೆಗೋಡೆ ಒಡೆಯಲು ಆಜ್ಞೆ ಕೊಟ್ಟ. ಆ ಜಾಗದಲ್ಲಿ ಹುಟ್ಟಿದ ರಿಂಗ್ ರಸ್ತೆಯಲ್ಲಿ ಟ್ರ್ಯಾಮ್ ಹತ್ತಿ ಕೂತರೆ ಒಪೆರಾ, ಸಂಸತ್ತು, ಪುರಭವನ, ವಿಶ್ವವಿದ್ಯಾಲಯ ಒಂದರ ಹಿಂದೊಂದು ಸಾಗಿಹೋಗುತ್ತವೆ. ಷೋನ್‌ಬ್ರುನ್ ಅರಮನೆಗೆ 1,441 ಕೋಣೆ. ಆರು ವರ್ಷದ ಮೊಝಾರ್ಟ್ 1762ರಲ್ಲಿ ಮರಿಯಾ ತೆರೇಸಾಳ ಮುಂದೆ ನುಡಿಸಿದ್ದು ಅಲ್ಲಿಯೇ.

ನಮಗಿಬ್ಬರಿಗೂ ಹೆಚ್ಚು ಹಿಡಿಸಿದ್ದು ಊರ ನಡುವಿನ ಹೋಫ್‌ಬುರ್ಗ್ ಅರಮನೆಯ ಒಳಕೋಣೆಗಳು. ಹದಿನೆಂಟಕ್ಕೇ ಪಟ್ಟವೇರಿ 68 ವರ್ಷ ಆಳಿದ ಚಕ್ರವರ್ತಿ ಮಲಗುತ್ತಿದ್ದದ್ದು ಸಾದಾ ಕಬ್ಬಿಣದ ಮಂಚದಲ್ಲಿ. ಅವನ ಬರೆಯುವ ಮೇಜಿನ ಎದುರಿಗೆ ಹೆಂಡತಿ ಎಲಿಸಬೆತ್‌ಳ ದೊಡ್ಡ ಚಿತ್ರ. ನೀಳ ಕೂದಲು ಬಿಚ್ಚಿ ಹರವಿಕೊಂಡಿದ್ದಾಳೆ. ಸಿಸಿ ಎಂದು ಜನ ಕರೆಯುವ ಅವಳಿಗೆ 1854ರಲ್ಲಿ ಮದುವೆಯಾದಾಗ ಹದಿನಾರು ವರ್ಷ. ಅರಮನೆಯ ಶಿಷ್ಟಾಚಾರ ಅವಳಿಗೆ ಒಗ್ಗಲಿಲ್ಲ. ತನ್ನ ಕೋಣೆಯಲ್ಲಿ ಕಸರತ್ತಿಗೆ ರಿಂಗ್ ಕಟ್ಟಿಸಿಕೊಂಡಳು, ವರ್ಷದ ಬಹುಪಾಲು ದೇಶ ದೇಶ ಸುತ್ತಿದಳು. 1898ರಲ್ಲಿ ಜಿನೀವಾದ ಸರೋವರದ ದಡದಲ್ಲಿ ಅರಾಜಕತಾವಾದಿಯೊಬ್ಬ ಅವಳನ್ನು ಇರಿದು ಕೊಂದ. ಗಂಡ ಮೇಜು ಬಿಟ್ಟು ಏಳಲಿಲ್ಲ, ಹೆಂಡತಿ ಮನೆಯಲ್ಲಿ ನಿಲ್ಲಲಿಲ್ಲ. ರಾತ್ರಿ ಹತ್ತರವರೆಗೆ ಲ್ಯಾಪ್‌ಟಾಪ್ ಮುಂದಿರುವ ಗಂಡನಿಗೆ ಆ ಮೇಜನ್ನು ಎರಡೆರಡು ಸಲ ತೋರಿಸಿದೆ.

ಇಂಥ ಅರಸೊತ್ತಿಗೆಯ ಕೊಡುಗೆಗಳಲ್ಲಿ ಕಣ್ಣಿಗೆ ಬೀಳದ್ದು ನಲ್ಲಿ ನೀರು. 1873ರಲ್ಲಿ ಫ್ರಾಂಜ್ ಜೋಸೆಫ್ ಉದ್ಘಾಟಿಸಿದ ಕೊಳವೆಮಾರ್ಗ ಆಲ್ಪ್ಸ್ ಬೆಟ್ಟದ ಒರತೆಗಳ ನೀರನ್ನು ಇಳಿಜಾರಿನ ಬಲದಿಂದಲೇ ಊರಿಗೆ ತರುತ್ತದೆ. ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಹಂತ ಹಂತವಾಗಿ ಪಂಪ್ ಮಾಡಿ ಮೇಲೆತ್ತುವ ಬೆಂಗಳೂರಿನಿಂದ ಹೋದ ಎಂಜಿನಿಯರಿಗೆ ಅದು ಅರಮನೆಗಿಂತ ದೊಡ್ಡ ಸೋಜಿಗ. ಕಾಫಿ ಕೇಳಿದರೆ ಬೆಳ್ಳಿಬಣ್ಣದ ತಟ್ಟೆಯಲ್ಲಿ ಆ ನೀರಿನ ಗ್ಲಾಸೂ ಬರುತ್ತದೆ. ದರ್ಶಿನಿಯಲ್ಲಿ ನಿಂತೇ ಕುಡಿದು ಅಭ್ಯಾಸವಾದ ನಮಗೆ, ಒಂದು ಮೆಲಾಂಜ್ ಕಾಫಿ ಹಿಡಿದು ಎರಡು ಗಂಟೆ ಕೂತರೂ ಮಾಣಿ ಬಿಲ್ ತರುವುದಿಲ್ಲವೆಂಬುದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವವರಿಗೆ ಕಡಿಮೆ ದರದ ಟಿಕೆಟ್ ಸಿಗುತ್ತದೆ. 1869ರ ಈ ರಂಗಮಂದಿರವನ್ನು 1919ರಿಂದ ಐದು ವರ್ಷ ನಡೆಸಿದವರಲ್ಲಿ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರೌಸ್ ಒಬ್ಬ. ಅವನು ಕೊನೆಗಾಲದಲ್ಲಿ ರಚಿಸಿದ ನಾಲ್ಕು ಹಾಡುಗಳು ಅವನ ಮರಣಾನಂತರ, 1950ರ ಮೇ ತಿಂಗಳಲ್ಲಿ, ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಆ ಕಛೇರಿಗೆ ಹಣ ಒದಗಿಸಿದವರು ಮೈಸೂರಿನ ಜಯಚಾಮರಾಜ ಒಡೆಯರ್. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ದೊರೆ, ಪಾಶ್ಚಾತ್ಯ ಸಂಗೀತವನ್ನೂ ಅಷ್ಟೇ ಆಳವಾಗಿ ಬಲ್ಲವರು. ಮೈಸೂರಿನ ಸೊಸೆಯಾದ ನಾನು ಆ ಮೆಟ್ಟಿಲುಗಳ ಮೇಲೆ ಇದನ್ನು ಜೋರಾಗಿಯೇ ಹೇಳಿಕೊಂಡೆ.

ಬುಡಾಪೆಸ್ಟ್: ಎರಡು ಸೇತುವೆ

ವಿಯೆನ್ನಾದ ಗೂಲಾಶ್ ಗಟ್ಟಿ ಸಾರು, ಪ್ರಾಗ್‌ನದು ಹಿಟ್ಟಿನ ಕಡುಬಿನ ಜೊತೆ ಬರುವ ಗೊಜ್ಜು, ಬುಡಾಪೆಸ್ಟ್‌ನದು ತೆಳ್ಳಗಿನ ಸೂಪ್. ಸಾಮಾನ್ಯವಾಗಿ ದನದ ಮಾಂಸದ ಅಡುಗೆಯಾದ್ದರಿಂದ ನಾವು ಪಕ್ಕದ ಮೇಜಿನಲ್ಲಿ ನೋಡಿ ತಿಳಿದದ್ದಷ್ಟೇ. ನಮ್ಮ ಪಾಲಿಗೆ ಸಿಕ್ಕಿದ್ದು ಲಾಂಗೋಶ್: ಎಣ್ಣೆಯಲ್ಲಿ ಕರಿದ ಅಗಲವಾದ ಹಿಟ್ಟಿನ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ತುರಿದ ಚೀಸ್. ಒಂದರಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ.

ಹಂಗೇರಿ 1848ರಲ್ಲಿ ದಂಗೆಯೆದ್ದಿತು. ಮರುವರ್ಷ ದಂಗೆ ಅಡಗಿದಾಗ ಅದರ ಹದಿಮೂರು ಸೇನಾನಿಗಳನ್ನು ಅರಾದ್‌ನಲ್ಲಿ ಕೊಂದರು. ಆಸ್ಟ್ರಿಯನ್ನರು ಅಂದು ಬಿಯರ್ ಗ್ಲಾಸು ತಾಕಿಸಿ ಸಂಭ್ರಮಿಸಿದರೆಂಬ ಕಥೆ ನಂಬಿ ಹಂಗೇರಿಯ ಹಿರಿಯರು ಇಂದಿಗೂ ಬಿಯರ್ ಗ್ಲಾಸು ತಾಕಿಸುವುದಿಲ್ಲ. ಆದರೆ 1867ರಲ್ಲಿ ರಾಜಿಯಾಯಿತು, ಅದೇ ಫ್ರಾಂಜ್ ಜೋಸೆಫ್‌ಗೆ ಹಂಗೇರಿಯ ಕಿರೀಟವನ್ನೂ ತೊಡಿಸಿದರು. ವಿಯೆನ್ನಾಕ್ಕೆ ಸರಿಸಾಟಿಯಾಗುವ ಹಟ ಆಗ ಹುಟ್ಟಿತು. ಬುಡಾ, ಪೆಸ್ಟ್, ಓಬುಡಾ 1873ರಲ್ಲಿ ಒಂದೇ ನಗರವಾದವು. 1896ರಲ್ಲಿ ಯುರೋಪ್ ಭೂಖಂಡದ ಮೊದಲ ಮೆಟ್ರೊ ಇಲ್ಲಿ ಓಡಿತು. ಕೆಲವೇ ಮೆಟ್ಟಿಲಿಳಿದರೆ ನಿಲ್ದಾಣ, ಆಟಿಕೆಯಂಥ ಪುಟ್ಟ ಹಳದಿ ಬೋಗಿ. ಚಕ್ರವರ್ತಿಯೂ ಅದರಲ್ಲಿ ಪಯಣಿಸಿದ್ದ. ಆ ರೈಲು ಇಳಿಸುವ ವೀರರ ಚೌಕದಲ್ಲಿ, ಸಾಲಿನ ಕೊನೆಗೆ, ಈಗ ನಿಂತಿರುವವನು ಅವನ ವಿರುದ್ಧ ದಂಗೆ ನಡೆಸಿದ ಲಾಯೋಶ್ ಕೊಶುತ್.

ಡ್ಯಾನ್ಯೂಬ್ ನದಿಯ ಮೇಲೆ ಅಕ್ಕಪಕ್ಕ ಎರಡು ಸೇತುವೆಗಳಿವೆ. ಹಸಿರು ಬಣ್ಣದ ಉಕ್ಕಿನ ಸೇತುವೆ 1896ರಲ್ಲಿ ಫ್ರಾಂಜ್ ಜೋಸೆಫ್ ಹೆಸರಿನಲ್ಲಿ ತೆರೆಯಿತು. ಕೊನೆಯ ಬೆಳ್ಳಿ ರಿವೆಟ್ ಹೊಡೆದವನೂ ಅವನೇ. ಇನ್ನೊಂದು 1903ರ ಎಲಿಸಬೆತ್ ಸೇತುವೆ. 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಊರಿನ ಸೇತುವೆಗಳನ್ನೆಲ್ಲ ಸ್ಫೋಟಿಸಿತು. ಮರಳಿ ಕಟ್ಟಿದಾಗ ಗಂಡನ ಸೇತುವೆಗೆ ‘ಸ್ವಾತಂತ್ರ್ಯ’ ಎಂಬ ಹೆಸರು ಬಂತು. ಹೆಂಡತಿಯದು 1964ರಲ್ಲಿ ಬೇರೆಯದೇ ವಿನ್ಯಾಸದಲ್ಲಿ ಎದ್ದರೂ ಹೆಸರು ಹಾಗೇ ಉಳಿಯಿತು, ಅದೂ ಕಮ್ಯುನಿಸ್ಟ್ ಆಡಳಿತದಲ್ಲಿ. ಹಂಗೇರಿಯನ್ ಭಾಷೆ ಕಲಿತು, ಹಂಗೇರಿಯನ್ನರ ಪರ ಮಾತಾಡಿದ ರಾಣಿಯನ್ನು ಈ ಊರು ಬಿಟ್ಟುಕೊಡಲಿಲ್ಲ. “ನೋಡ್ದಾ, ನಾಲ್ಕು ಜನರ ಜೊತೆ ಅವರ ಮಾತಲ್ಲಿ ಮಾತಾಡ್ಬೇಕು” ಎಂದೆ. “ಆದ್ರೆ ನೂರು ವರ್ಷ ನಿಂತಿರೋದು ನಮ್ಮವನ ಸೇತುವೆ ವಿನ್ಯಾಸವೇ ಕಣೇ” ಎಂದು ಅವನು ರಿವೆಟ್ ಎಣಿಸಲು ಹೋದ.

ಸಂಸತ್ ಭವನದ ಪಕ್ಕದ ದಂಡೆಯಲ್ಲಿ 60 ಜೊತೆ ಕಬ್ಬಿಣದ ಚಪ್ಪಲಿ, ಬೂಟುಗಳಿವೆ. 1944-45ರ ಚಳಿಗಾಲದಲ್ಲಿ ಹಂಗೇರಿಯ ಫ್ಯಾಸಿಸ್ಟರು ಯಹೂದ್ಯರಿಂದ ಪಾದರಕ್ಷೆ ಬಿಚ್ಚಿಸಿ, ಗುಂಡಿಟ್ಟು ನದಿಗೆ ಬೀಳಿಸಿದ ಜಾಗವದು. ಅರಸರ ಕಾಲದ ನಂತರ ಬಂದದ್ದು ಎಲ್ಲವೂ ಬಿಡುಗಡೆಯಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೋಗುವವರಿಗೆ

ಮೂರೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲೆಡೆ ಸಮ ದಿನಗಳಾದರೆ ಮೊದಲು ಕಾಲಿಡುವ ದೇಶಕ್ಕೆ. ವೀಸಾ ಒಂದಾದರೂ ನಾಣ್ಯ ಮೂರು: ಪ್ರಾಗ್‌ನಲ್ಲಿ ಕೊರುನಾ, ವಿಯೆನ್ನಾದಲ್ಲಿ ಯೂರೊ, ಬುಡಾಪೆಸ್ಟ್‌ನಲ್ಲಿ ಫೋರಿಂಟ್. ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ, ಸಾರ್ವಜನಿಕ ಶೌಚಾಲಯಕ್ಕೆ ಚಿಲ್ಲರೆ ಇರಲಿ. ಟ್ರ್ಯಾಮ್, ಮೆಟ್ರೊಗಳ ಕಾಗದದ ಟಿಕೆಟ್‌ಗೆ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ಟಿಕೆಟ್ ಕೊಂಡೂ ದಂಡ ಕಟ್ಟಬೇಕಾದೀತು. ರೈಲು ಟಿಕೆಟ್ ಮುಂಚೆಯೇ ಕಾದಿರಿಸಿದರೆ ಅಗ್ಗ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್ ನಡೆದಾಡಲು ಹಿತ.

ಊರುಗಳ ಕ್ರಮವೂ ಮುಖ್ಯ. ಅಗ್ಗದ ವಿಮಾನ ಸಿಕ್ಕಿತೆಂದು ವಿಯೆನ್ನಾದಿಂದ ಶುರುಮಾಡುವವರೇ ಹೆಚ್ಚು. ಅರಮನೆಯ ವೈಭವವನ್ನೇ ಮೊದಲು ಕಂಡರೆ ಉಳಿದೆರಡು ಊರುಗಳು ಅದರ ಚಿಕ್ಕ ನಕಲುಗಳಂತೆ ತೋರುತ್ತವೆ. ಪ್ರಾಗ್‌ನಿಂದ ಆರಂಭಿಸಿ: ಮೊದಲು ಸೋತವರ ಮಾತು, ನಡುವೆ ಆಳಿದವರ ಮಾತು, ಕೊನೆಗೆ ಜಗಳವಾಡಿ ಪಾಲು ಪಡೆದವರ ಮಾತು. ಮೂವರದನ್ನೂ ಕೇಳಿದ ಮೇಲೆ ತೀರ್ಪು ಯಾರ ಕಡೆ ಎಂದು ಗಂಡಹೆಂಡಿರು ವಾಪಸ್ ಬರುವ ವಿಮಾನದಲ್ಲಿ ಕಿತ್ತಾಡಬಹುದು. ನಾವು ಬೆಂಗಳೂರಿನಲ್ಲಿ ಇಳಿಯುವವರೆಗೂ ಕಿತ್ತಾಡಿದೆವು.